ಸಾನ್ ಜಿಮಿನ್ಯಾನೊ: ಗೋಪುರಗಳ ಊರನ್ನು ನೋಡುವ ಬಗೆ

ಇಟಲಿಯ ಟಸ್ಕನಿಯಲ್ಲಿ, ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವೆ, ಎಲ್ಸಾ ಕಣಿವೆಯ ಮೇಲ್ಗಡೆ, 324 ಮೀಟರ್ ಎತ್ತರದ ಗುಡ್ಡವೊಂದರ ನೆತ್ತಿಯಲ್ಲಿ ಸಾನ್ ಜಿಮಿನ್ಯಾನೊ ಎಂಬ ಸಣ್ಣ ಊರಿದೆ. ಮಧ್ಯಯುಗದಲ್ಲಿ ಇಲ್ಲಿನ ಸಿರಿವಂತ ಮನೆತನಗಳು ಕಟ್ಟಿಸಿದ ಸುಮಾರು 72 ಗೋಪುರಗಳಲ್ಲಿ 14 ಇಂದಿಗೂ ನಿಂತಿವೆ. ಅವುಗಳ ಸುತ್ತಲಿನ ಬೀದಿ, ಚೌಕ, ಕೋಟೆಗೋಡೆಗಳೂ ಬಹುಮಟ್ಟಿಗೆ ಹಾಗೆಯೇ ಉಳಿದಿವೆ. 1990ರಲ್ಲಿ ಯುನೆಸ್ಕೊ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿಗೆ ಬರುವವರಲ್ಲಿ ಬಹಳ ಜನ ಹತ್ತು ಗಂಟೆಗೆ ಬಸ್ಸಿನಿಂದಿಳಿದು, ದೊಡ್ಡ ಚೌಕದವರೆಗೆ ನಡೆದು, ಗೋಪುರಗಳ ಫೋಟೊ ತೆಗೆದುಕೊಂಡು, ಮಧ್ಯಾಹ್ನಕ್ಕೆ ಹೊರಟುಬಿಡುತ್ತಾರೆ. ಅಷ್ಟರಲ್ಲಿ ಊರು ಕಣ್ಣಿಗೆ ಬಿದ್ದಿರುತ್ತದೆ, ಅರ್ಥವಾಗಿರುವುದಿಲ್ಲ. ಸಾನ್ ಜಿಮಿನ್ಯಾನೊವನ್ನು ಬೆಳೆಸಿದ್ದು ಒಂದು ದಾರಿ, ಅದನ್ನು ಇದ್ದಂತೆಯೇ ಉಳಿಸಿದ್ದು ಆ ದಾರಿ ಕೈಬಿಟ್ಟ ಮೇಲೆ ಬಂದ ಬಡತನ. ಆದ್ದರಿಂದ ಗೋಪುರಗಳನ್ನು ಎಣಿಸುವ ಮೊದಲು ಆ ದಾರಿಯನ್ನೇ ಹಿಡಿದು, ದಕ್ಷಿಣದ ಹೆಬ್ಬಾಗಿಲಿನಿಂದ ಉತ್ತರದ ಹೆಬ್ಬಾಗಿಲಿನವರೆಗೆ ನಡೆಯುವುದೇ ಈ ಊರನ್ನು ನೋಡುವ ಸರಿಯಾದ ಕ್ರಮವೆಂದು ನಾನು ಬಲವಾಗಿ ನಂಬುತ್ತೇನೆ.

ಹೊರಡುವ ಮೊದಲು ತಿಳಿದಿರಬೇಕಾದ ಚರಿತ್ರೆ

ಗುಡ್ಡದ ಮೇಲೆ ಕ್ರಿಸ್ತಪೂರ್ವ 3ನೇ ಶತಮಾನದ ವೇಳೆಗೇ ಪ್ರಾಚೀನ ಇಟಲಿಯ ಜನಾಂಗವಾದ ಎಟ್ರುಸ್ಕನ್ನರ ಹಳ್ಳಿಯೊಂದಿತ್ತು. ಊರಿಗೆ ಹೆಸರು ಬಂದದ್ದು ಮೊದೆನಾ ನಗರದ ಬಿಷಪ್ಪರಾಗಿದ್ದ ಸಂತ ಜೆಮಿನಿಯಾನಸ್ ಅವರಿಂದ. ಹೂಣರ ದಾಳಿಯಿಂದ ಊರನ್ನು ಕಾಪಾಡಿದವರು ಅವರೇ ಎಂಬುದು ಇಲ್ಲಿನ ಐತಿಹ್ಯ. ಆದರೆ ಊರಿನ ದೆಸೆ ತಿರುಗಿದ್ದು ವಿಯಾ ಫ್ರಾಂಚಿಜೆನಾ ಎಂಬ ಯಾತ್ರಾಮಾರ್ಗದಿಂದ. ಉತ್ತರ ಯುರೋಪಿನಿಂದ ಆಲ್ಪ್ಸ್ ಪರ್ವತಗಳನ್ನು ದಾಟಿ ರೋಮಿಗೆ ಹೋಗುವ ಯಾತ್ರಿಕರೂ ವರ್ತಕರೂ ಈ ಗುಡ್ಡದ ಮೇಲೆಯೇ ಹಾದುಹೋಗುತ್ತಿದ್ದರು. 990ರ ಸುಮಾರಿಗೆ ರೋಮಿನಿಂದ ಇಂಗ್ಲೆಂಡಿಗೆ ಮರಳುತ್ತಿದ್ದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಜೆರಿಕ್ ತಂಗಿದ ಸ್ಥಳಗಳ ಪಟ್ಟಿಯಲ್ಲಿ ರೋಮಿನಿಂದ 19ನೆಯ ತಂಗುದಾಣವಾಗಿ ಈ ಊರು ದಾಖಲಾಗಿದೆ. ಯಾತ್ರಿಕರು ಬಂದಲ್ಲಿ ಛತ್ರಗಳು ಬೇಕು, ಛತ್ರಗಳಿದ್ದಲ್ಲಿ ಅಂಗಡಿ, ಕಮ್ಮಾರಸಾಲೆ, ಹಣ ಬದಲಿಸುವವರು, ಸಾಲ ಕೊಡುವವರು ಎಲ್ಲರೂ ಬರುತ್ತಾರೆ. ಹೀಗೆ ಬೆಳೆದ ಊರು 1199ರಲ್ಲಿ ವೊಲ್ತೆರಾದ ಬಿಷಪ್ಪರ ಹಿಡಿತದಿಂದ ಬಿಡಿಸಿಕೊಂಡು ಸ್ವತಂತ್ರ ಪುರಾಡಳಿತವಾಯಿತು. ಆಡಳಿತ ನಡೆಸಲು ಹೊರಗಿನ ಊರಿನಿಂದ ನೇಮಕಗೊಂಡು ಬರುವ ಅಧಿಕಾರಿಗೆ ಪೊದೆಸ್ತಾ ಎನ್ನುತ್ತಿದ್ದರು. ಊರಿನ ಯಾವ ಮನೆತನಕ್ಕೂ ಸೇರದವನಾದರೆ ನ್ಯಾಯ ನೆಟ್ಟಗಿರುತ್ತದೆ ಎಂಬುದು ಅದರ ಹಿಂದಿದ್ದ ಆಲೋಚನೆ.

ಊರಿನ ಸಂಪತ್ತಿಗೆ ಇನ್ನೊಂದು ಮೂಲ ಕೇಸರಿ. ಸುತ್ತಲಿನ ಗುಡ್ಡಗಳಲ್ಲಿ ಬೆಳೆದ ಕೇಸರಿ ದೂರದ ಮಾರುಕಟ್ಟೆಗಳಿಗೆ ಹೋಗುತ್ತಿತ್ತು. 1228ರಲ್ಲಿ ಪುರಾಡಳಿತವು ತಾನು ಮಾಡಿದ್ದ ಯುದ್ಧಸಾಲದ ಒಂದು ಪಾಲನ್ನು ಕೇಸರಿಯ ರೂಪದಲ್ಲೇ ತೀರಿಸಿತು. ಹಣ ಕೂಡಿಸಿದ ಮನೆತನಗಳು ಅದನ್ನು ಎತ್ತರದಲ್ಲಿ ತೋರಿಸಿದವು. ಗೋಪುರವೆಂದರೆ ಕಾದಾಟದ ಕಾಲಕ್ಕೆ ಆಶ್ರಯ, ಮಿಕ್ಕ ಕಾಲಕ್ಕೆ ಅಂತಸ್ತಿನ ಗುರುತು. ಪೋಪರ ಪರವಾದ ಗ್ವೆಲ್ಫ್ ಪಕ್ಷದಲ್ಲಿ ಆರ್ದಿಂಗೆಲ್ಲಿ ಮನೆತನವೂ, ಪವಿತ್ರ ರೋಮನ್ ಚಕ್ರವರ್ತಿಯ ಪರವಾದ ಗಿಬೆಲಿನ್ ಪಕ್ಷದಲ್ಲಿ ಸಾಲ್ವುಚ್ಚಿ ಮನೆತನವೂ ಮುಂದಾಳುಗಳಾಗಿದ್ದು, ಇಬ್ಬರ ಹಗೆತನ ಊರನ್ನು ಎರಡಾಗಿ ಸೀಳಿತ್ತು. ಪುರಾಡಳಿತದ ಗೋಪುರವಾದ ತೋರೆ ರೊನ್ಯೋಸಾಕ್ಕಿಂತ ಎತ್ತರವಾಗಿ ಯಾರೂ ಕಟ್ಟಕೂಡದೆಂದು 1255ರಲ್ಲೇ ಕಟ್ಟಳೆ ಮಾಡಬೇಕಾಗಿ ಬಂದದ್ದು ಪೈಪೋಟಿ ಎಷ್ಟು ಮುಂದುವರಿದಿತ್ತೆಂಬುದನ್ನು ತೋರಿಸುತ್ತದೆ. ಒಂದಕ್ಕೆ ಮಿತಿ ಹಾಕಿದರೆ ಎರಡು ಕಟ್ಟೋಣವೆಂದು ಸಾಲ್ವುಚ್ಚಿಗಳು ಪಕ್ಕಪಕ್ಕದಲ್ಲೇ ಜೋಡಿ ಗೋಪುರಗಳನ್ನು ಎಬ್ಬಿಸಿದರು ಎಂಬ ಮಾತು ಊರಿನಲ್ಲಿ ಇಂದಿಗೂ ಇದೆ.

1348ರ ಮಹಾಮಾರಿ ಪ್ಲೇಗ್ ಇದಕ್ಕೆಲ್ಲ ತೆರೆ ಎಳೆಯಿತು. ಜನಸಂಖ್ಯೆ ಅರ್ಧದಷ್ಟು ಕುಸಿಯಿತು, ಒಳಜಗಳ ನಿಲ್ಲಲಿಲ್ಲ, ಖಜಾನೆ ಬರಿದಾಯಿತು. 1353ರಲ್ಲಿ ಊರು ಫ್ಲಾರೆನ್ಸಿಗೆ ಶರಣಾಯಿತು. ಓಡಾಟವೂ ನಿಧಾನವಾಗಿ ಗುಡ್ಡವನ್ನು ಬಿಟ್ಟು ಕೆಳಗಿನ ಕಣಿವೆಯ ದಾರಿಗೆ ಹೊರಳಿತು. ಹಣವಿದ್ದ ಊರುಗಳು ಮುಂದಿನ ಶತಮಾನಗಳಲ್ಲಿ ಹಳೆಯದನ್ನು ಕೆಡವಿ ಹೊಸ ಶೈಲಿಯಲ್ಲಿ ಅರಮನೆಗಳನ್ನು ಕಟ್ಟಿಕೊಂಡವು. ಸಾನ್ ಜಿಮಿನ್ಯಾನೊಗೆ ಆ ಅನುಕೂಲವಿರಲಿಲ್ಲ. ಇಂದು ನಾವು ಕಾಸು ಕೊಟ್ಟು ನೋಡಲು ಬರುವುದು ಆ ಇಲ್ಲದಿಕೆಯ ಫಲವನ್ನು.

ತಲುಪುವುದು, ತಂಗುವುದು

ಊರಿನಲ್ಲಿ ರೈಲು ನಿಲ್ದಾಣವಿಲ್ಲ. ಹತ್ತಿರದ ನಿಲ್ದಾಣ ಪೊಜ್ಜಿಬೊನ್ಸಿಯದು. ಫಲಕದ ಮೇಲೆ ಪೊಜ್ಜಿಬೊನ್ಸಿ–ಸಾನ್ ಜಿಮಿನ್ಯಾನೊ ಎಂದು ಬರೆದಿದ್ದರೂ ಅಲ್ಲಿಂದ ಊರು ಹನ್ನೊಂದು ಹನ್ನೆರಡು ಕಿಲೋಮೀಟರ್ ದೂರದಲ್ಲಿದೆ ಎಂಬುದು ನೆನಪಿರಲಿ. ಫ್ಲಾರೆನ್ಸಿನಿಂದ ರೈಲಿನಲ್ಲಿ ಅಲ್ಲಿಗೆ ಒಂದು ಗಂಟೆಯ ಆಸುಪಾಸು, ಸಿಯೆನಾದಿಂದ ಅದರ ಅರ್ಧದಷ್ಟು ಸಮಯ. ನಿಲ್ದಾಣದಿಂದ ಬಸ್ಸು ಹತ್ತಿದರೆ ಅರ್ಧ ಗಂಟೆಯೊಳಗೆ ದಕ್ಷಿಣದ ಹೆಬ್ಬಾಗಿಲಿನ ಬಳಿ ಇಳಿಸುತ್ತದೆ. ಬಸ್ಸಿನ ಟಿಕೆಟನ್ನು ಮೊದಲೇ ತಂಬಾಕಿನ ಅಂಗಡಿಯಲ್ಲೋ ಮೊಬೈಲ್ ಆ್ಯಪ್‌ನಲ್ಲೋ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಕಾಗದದ ಟಿಕೆಟ್ಟಾದರೆ ಹತ್ತಿದ ಕೂಡಲೇ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು; ಮುದ್ರೆಯಿಲ್ಲದ ಟಿಕೆಟ್ ಕೈಯಲ್ಲಿದ್ದರೂ ದಂಡ ಬೀಳುತ್ತದೆ. ಭಾನುವಾರ ಮತ್ತು ರಜಾದಿನಗಳಲ್ಲಿ ಬಸ್ಸುಗಳು ವಿರಳ. ಬೆಳಿಗ್ಗೆ ಇಳಿದ ತಕ್ಷಣವೇ ಹಿಂದಿರುಗುವ ಕೊನೆಯ ಬಸ್ಸಿನ ವೇಳೆಯನ್ನು ನೋಡಿಟ್ಟುಕೊಳ್ಳುವುದು ವಿವೇಕ.

ಕಾರಿನಲ್ಲಿ ಬರುವವರಿಗೆ ಒಂದೇ ಎಚ್ಚರಿಕೆ. ಕೋಟೆಯೊಳಗೆ ಹೊರಗಿನವರ ವಾಹನಗಳಿಗೆ ಪ್ರವೇಶವಿಲ್ಲ, ಉಲ್ಲಂಘಿಸಿದರೆ ಬಾಡಿಗೆ ಕಾರಿನ ಕಂಪನಿಯ ಮೂಲಕ ತಿಂಗಳುಗಳ ಮೇಲಾದರೂ ದಂಡದ ಚೀಟಿ ಮನೆಗೆ ಬರುತ್ತದೆ. ಗೋಡೆಯ ಹೊರಗಿನ ನಿಲುಗಡೆ ತಾಣಗಳಲ್ಲಿ ಮೊಂತೆಮಾಜ್ಜೊ ಎಂಬುದು ದಕ್ಷಿಣದ ಬಾಗಿಲಿಗೆ ಅತಿ ಹತ್ತಿರ. ಜುಬಿಲೇವೊ ಎಂಬುದು ದೂರ, ಆದರೆ ದರ ಕಡಿಮೆ.

ಸಾಧ್ಯವಿದ್ದವರು ಒಂದು ರಾತ್ರಿಯಾದರೂ ಊರಿನಲ್ಲೇ ತಂಗಬೇಕು. ಖರ್ಚು ಹೆಚ್ಚಾಗುತ್ತದೆ, ಕೋಣೆಯ ಬಾಡಿಗೆಯ ಮೇಲೆ ತಲೆಗಿಷ್ಟೆಂದು ಪುರಸಭೆಯ ತಂಗುತೆರಿಗೆಯೂ ಸೇರುತ್ತದೆ. ಆದರೂ ಸಂಜೆ ಪ್ರವಾಸಿ ಬಸ್ಸುಗಳು ಹೊರಟ ಮೇಲೆ ಮತ್ತು ಬೆಳಿಗ್ಗೆ ಒಂಬತ್ತರೊಳಗೆ ಊರು ನಿಮ್ಮದಾಗುತ್ತದೆ. ಗೋಡೆಯ ಕಲ್ಲುಗಳನ್ನು ನಿಂತು ನೋಡಲು ಬೇಕಾದ ನಿರಾತಂಕ ಆಗ ಮಾತ್ರ ಸಿಗುತ್ತದೆ. ಬೀದಿಗಳೆಲ್ಲ ಕಲ್ಲುಹಾಸಿನವು ಮತ್ತು ಏರಿಳಿತದವು. ಚಕ್ರದ ಪೆಟ್ಟಿಗೆಗಿಂತ ಬೆನ್ನಿನ ಚೀಲ ಅನುಕೂಲ, ಹಿಡಿತವಿರುವ ಪಾದರಕ್ಷೆ ಅಗತ್ಯ.

ಕಾಲದ ವಿಚಾರದಲ್ಲಿ ನನ್ನ ಆಯ್ಕೆ ಮಾರ್ಚ್ ನಡುವಿನಿಂದ ಏಪ್ರಿಲ್‌ವರೆಗೆ ಅಥವಾ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರಗಳವರೆಗೆ. ಮೊದಲನೆಯದರಲ್ಲಿ ಗೋಡೆಗಳ ಸಂದುಗಳಲ್ಲಿ ಹಳದಿ ಹೂಗಳು ಅರಳಿರುತ್ತವೆ, ಎರಡನೆಯದು ಕೇಸರಿ ಕೊಯ್ಲಿನ ಕಾಲ. ಜುಲೈ, ಆಗಸ್ಟ್ ತಿಂಗಳುಗಳ ಬಿಸಿಲು ಮತ್ತು ನೂಕುನುಗ್ಗಲನ್ನು ತಪ್ಪಿಸುವುದೇ ಲೇಸು.

ದಕ್ಷಿಣದ ಬಾಗಿಲಿನಿಂದ ಒಳಗೆ

ಪೋರ್ತಾ ಸಾನ್ ಜೊವಾನ್ನಿ ಎಂಬ ದಕ್ಷಿಣದ ಹೆಬ್ಬಾಗಿಲು 1262ರದು. ಒಳಗೆ ನುಗ್ಗುವ ಮೊದಲು ಎರಡು ನಿಮಿಷ ಹೊರಗೆ ನಿಂತು, ಎಡಬಲಗಳಿಗೆ ಹಬ್ಬಿದ ಗೋಡೆಯನ್ನು ನೋಡಬೇಕು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಈ ಸುತ್ತುಗೋಡೆ ಊರಿನ ಎರಡನೆಯ ಕೋಟೆ. ಮೊದಲನೆಯದು ಇನ್ನೂ ಒಳಗಿದೆ, ಅದರ ಬಾಗಿಲನ್ನು ಮುಂದೆ ದಾಟುತ್ತೀರಿ. ಇಲ್ಲಿಂದ ಏರುವ ವಿಯಾ ಸಾನ್ ಜೊವಾನ್ನಿ ಬೀದಿಯೇ ಯಾತ್ರಿಕರು ನಡೆದ ಹಳೆಯ ದಾರಿ. ಈಗ ಇಕ್ಕೆಲಗಳಲ್ಲೂ ಚರ್ಮದ ಚೀಲ, ಪಿಂಗಾಣಿ, ವೈನ್ ಮಾರುವ ಅಂಗಡಿಗಳಿರುವುದರಿಂದ ಎಲ್ಲರ ಕಣ್ಣೂ ಕೆಳಗೇ ಇರುತ್ತದೆ. ಇಲ್ಲಿ ತಲೆಯೆತ್ತಿ ನಡೆಯುವುದನ್ನು ರೂಢಿಸಿಕೊಳ್ಳಿ. ಬಲಗಡೆ ಸಿಗುವ ಸಾನ್ ಫ್ರಾಂಚೆಸ್ಕೊ ಎಂಬ ಹಳೆಯ ಚರ್ಚಿನ ಮುಂಗೋಡೆ ಮಾತ್ರ ಉಳಿದಿದ್ದು, ಅದರ ಕಮಾನುಗಳ ಸಾಲಿನಲ್ಲಿ ಪೀಸಾ ನಗರದ ಕಟ್ಟಡಶೈಲಿಯ ಛಾಯೆ ಕಾಣುತ್ತದೆ. ದಾರಿಯು ಸರಕನ್ನಷ್ಟೇ ಅಲ್ಲ, ಕಸುಬಿನ ರೀತಿಗಳನ್ನೂ ಊರೊಳಗೆ ತಂದಿತ್ತೆಂಬುದಕ್ಕೆ ಇದು ಸಾಕ್ಷಿ.

ಬೀದಿಯ ತುದಿಯಲ್ಲಿ ಆರ್ಕೊ ದೇಯಿ ಬೆಚ್ಚಿ ಎಂಬ ಕಮಾನು ಬರುತ್ತದೆ. ಇದೇ ಮೊದಲ ಕೋಟೆಯ ಬಾಗಿಲು. ಇದನ್ನು ದಾಟಿದರೆ ಪಿಯಾತ್ಸಾ ದೆಲ್ಲಾ ಚಿಸ್ತೆರ್ನಾ, ಅಂದರೆ ನೀರಿನ ತೊಟ್ಟಿಯ ಚೌಕ. ಇಟ್ಟಿಗೆಗಳನ್ನು ಮೀನಿನ ಮುಳ್ಳಿನಂತೆ ಓರೆಯಾಗಿ ಜೋಡಿಸಿದ ನೆಲ, ಇಳಿಜಾರಾದ ತ್ರಿಕೋನದ ಆಕಾರ, ಸುತ್ತಲೂ ಒಂದಕ್ಕೊಂದು ಅಂಟಿಕೊಂಡ ಮನೆಗಳು. ನಡುವಿನ ಬಾವಿಯನ್ನು 1273ರಲ್ಲಿ ಕಟ್ಟಿ, 1346ರಲ್ಲಿ ಹಿಗ್ಗಿಸಿದರು. ಎಂಟು ಮೂಲೆಯ ಕಟ್ಟೆಯನ್ನು ಹತ್ತಿ, ಬಾವಿಯ ಬಾಯಿಯ ಕಲ್ಲಂಚನ್ನು ಹತ್ತಿರದಿಂದ ನೋಡಿ. ಬೆರಳು ಹುದುಗುವಷ್ಟು ಆಳದ ಗೀರುಗಳು ಸಾಲಾಗಿ ಕಾಣುತ್ತವೆ. ನೀರು ಸೇದುವವರ ಹಗ್ಗಗಳು ನೂರಾರು ವರ್ಷ ಉಜ್ಜಿ ಉಜ್ಜಿ ಮಾಡಿದ ಗುರುತುಗಳಿವು. ಗುಡ್ಡದ ಮೇಲಿನ ಊರಿಗೆ ನೀರೇ ಎಲ್ಲಕ್ಕಿಂತ ದೊಡ್ಡ ಚಿಂತೆ. ಗೋಪುರಗಳು ಮನೆತನಗಳ ಸೊತ್ತಾಗಿದ್ದರೆ ಈ ಬಾವಿ ಎಲ್ಲರದಾಗಿತ್ತು, ಅದಕ್ಕೇ ನನಗೆ ಈ ಅಂಚು ಯಾವ ಗೋಪುರಕ್ಕೂ ಕಡಿಮೆಯದಾಗಿ ತೋರುವುದಿಲ್ಲ. ಚೌಕದಿಂದ ಮುಂದಕ್ಕೆ ದಾಟುವ ಕಡೆ ನಿಂತಿರುವ ಮೊಟಕಾದ ಎರಡು ಗೋಪುರಗಳು ಆರ್ದಿಂಗೆಲ್ಲಿ ಮನೆತನದವು.

ಗೋಪುರಗಳನ್ನು ಓದುವುದು

ಗೋಪುರವೆಂದರೆ ಒಳಗೆ ವಿಶಾಲವಾದ ಮಹಡಿಗಳಿರುತ್ತವೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಗೋಡೆ ಬಹಳ ದಪ್ಪ, ಒಳಜಾಗ ಬಹಳ ಇಕ್ಕಟ್ಟು. ಒಂದು ಮಹಡಿಯಿಂದ ಇನ್ನೊಂದಕ್ಕೆ ಏಣಿಯ ಮೂಲಕವೇ ಹೋಗಬೇಕಿತ್ತು, ಹಗೆಗಳು ಬಂದಾಗ ಏಣಿಯನ್ನು ಮೇಲಕ್ಕೆಳೆದುಕೊಳ್ಳಬಹುದಿತ್ತು. ಯಾವುದಾದರೊಂದು ಗೋಪುರದ ಬುಡದಲ್ಲಿ ನಿಂತು ಮುಖವನ್ನು ಮೇಲಿನವರೆಗೆ ಗಮನಿಸಿ. ಸಮ ಅಂತರದಲ್ಲಿ ಚೌಕಾಕಾರದ ಸಣ್ಣ ತೂತುಗಳು ಕಾಣುತ್ತವೆ. ಕಟ್ಟುವಾಗ ಸಾರುವೆಯ ತೊಲೆಗಳನ್ನು ಊರಲು ಬಿಟ್ಟವು ಇವು; ಕಟ್ಟಿ ಮುಗಿದ ಮೇಲೂ ಅವುಗಳಲ್ಲಿ ತೊಲೆ ಸಿಕ್ಕಿಸಿ ಹೊರಗಡೆ ಮರದ ಮೊಗಸಾಲೆಗಳನ್ನು ಹೊಂದಿಸುತ್ತಿದ್ದರು. ಬೀದಿಯಿಂದ ಬಹಳ ಎತ್ತರದಲ್ಲಿ, ಮೆಟ್ಟಿಲೂ ಕಟಾಂಜನವೂ ಇಲ್ಲದೆ ಬಯಲಿಗೆ ತೆರೆದುಕೊಂಡ ಕಿರಿದಾದ ಬಾಗಿಲುಗಳು ಅಲ್ಲಲ್ಲಿ ಇರುವುದು ಇದೇ ಕಾರಣಕ್ಕೆ. ಮರವೆಲ್ಲ ಹೋಗಿ ಕಲ್ಲು ಮಾತ್ರ ಉಳಿದಿರುವುದರಿಂದ ಊರು ಇಂದು ಹಿಂದಿಗಿಂತ ಹೆಚ್ಚು ಬೋಳಾಗಿ, ಹೆಚ್ಚು ಗಂಭೀರವಾಗಿ ಕಾಣುತ್ತದೆ. ಆ ಮೊಗಸಾಲೆ, ಒಣಹಾಕಿದ ಬಟ್ಟೆ, ಅಡುಗೆಯ ಹೊಗೆಗಳನ್ನು ಮನಸ್ಸಿನಲ್ಲಿ ಮತ್ತೆ ಜೋಡಿಸಿಕೊಂಡರೆ ಮಾತ್ರ ಅಂದಿನ ಬೀದಿ ಕಣ್ಣಿಗೆ ಕಟ್ಟುತ್ತದೆ.

ಹತ್ತಬಹುದಾದ ಗೋಪುರಗಳಲ್ಲಿ ಮುಖ್ಯವಾದದ್ದು ಪಕ್ಕದ ಪಿಯಾತ್ಸಾ ದೆಲ್ ದುವೋಮೊ ಚೌಕದಲ್ಲಿರುವ ತೋರೆ ಗ್ರೊಸ್ಸಾ. 1300ರಲ್ಲಿ ಶುರುವಾಗಿ 1311ರಲ್ಲಿ ಮುಗಿದ, 54 ಮೀಟರ್ ಎತ್ತರದ ಇದು ಪುರಾಡಳಿತದ್ದೇ ಆದ್ದರಿಂದ ಊರಿನಲ್ಲೆಲ್ಲ ಎತ್ತರ. ಎದುರಿಗಿರುವ ಹಳೆಯ ಪೊದೆಸ್ತಾ ಭವನದ ನೆತ್ತಿಯ ಮೇಲಿನದೇ ಕಟ್ಟಳೆಗೆ ಅಳತೆಗೋಲಾಗಿದ್ದ ತೋರೆ ರೊನ್ಯೋಸಾ. ಅದರ ಎತ್ತರ 51 ಮೀಟರ್. ತೋರೆ ಗ್ರೊಸ್ಸಾದ ಒಳಗೆ ಈಗ ಲೋಹದ ಮೆಟ್ಟಿಲುಗಳಿವೆ, ಕೊನೆಯ ಹಂತ ಕಡಿದಾಗಿದೆ. ಮಂಡಿನೋವು ಅಥವಾ ತಲೆಸುತ್ತು ಇರುವವರು ಯೋಚಿಸಿ ಹತ್ತಬೇಕು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹತ್ತುವುದಕ್ಕಿಂತ ಊರೆಲ್ಲ ಸುತ್ತಿದ ಮೇಲೆ ಹತ್ತುವುದನ್ನೇ ನಾನು ಹೇಳುತ್ತೇನೆ, ಏಕೆಂದರೆ ಆಗ ಮೇಲಿನಿಂದ ಕಾಣುವ ಪ್ರತಿ ಬೀದಿಯೂ ನಡೆದು ಬಂದ ಬೀದಿಯಾಗಿರುತ್ತದೆ.

ಗೋಪುರದ ಟಿಕೆಟ್ಟಿನಲ್ಲೇ ಅದಕ್ಕೆ ತಗುಲಿದ ಪುರಭವನದ ವಸ್ತುಸಂಗ್ರಹಾಲಯವೂ ಸೇರಿದೆ. ಗೋಪುರದ ಆತುರದಲ್ಲಿ ಇದನ್ನು ದಾಟಿಹೋಗಬಾರದು. 1300ರಲ್ಲಿ ಕವಿ ದಾಂತೆ ಫ್ಲಾರೆನ್ಸಿನ ರಾಯಭಾರಿಯಾಗಿ ಬಂದು ಗ್ವೆಲ್ಫ್ ಒಕ್ಕೂಟದ ಪರವಾಗಿ ಮಾತನಾಡಿದ್ದರಿಂದ ಇಲ್ಲಿನ ಸಭಾಂಗಣಕ್ಕೆ ಅವರ ಹೆಸರೇ ಇದೆ. ಅದರ ಗೋಡೆಯನ್ನು ತುಂಬಿರುವ, ಸಂತರ ನಡುವೆ ಸಿಂಹಾಸನದ ಮೇಲೆ ಕುಳಿತ ಮಾತೆ ಮರಿಯಳ ಚಿತ್ರವನ್ನು ಲಿಪ್ಪೊ ಮೆಮ್ಮಿ 1317ರಲ್ಲಿ ಬರೆದರು. ಅವಳ ಬಳಿ ಮೊಣಕಾಲೂರಿರುವವನು ಅದನ್ನು ಬರೆಸಿದ ಪೊದೆಸ್ತಾ. ಮೇಲಿನ ಮಹಡಿಯ ಸಣ್ಣ ಕೋಣೆಯಲ್ಲಿ ಲಿಪ್ಪೊನ ತಂದೆ ಮೆಮ್ಮೊ ದಿ ಫಿಲಿಪ್ಪುಚ್ಚೊ ಬರೆದ ಚಿತ್ರಗಳಿವೆ: ಗಂಡಹೆಂಡಿರು ಒಂದೇ ಕೊಪ್ಪರಿಗೆಯಲ್ಲಿ ಸ್ನಾನ ಮಾಡುತ್ತಾರೆ, ಆಮೇಲೆ ಹಾಸಿಗೆ ಸೇರುತ್ತಾರೆ. ಆ ಕಾಲದ ಚಿತ್ರಗಳಲ್ಲಿ ಮನೆಯೊಳಗಿನ ಬದುಕು ಹೀಗೆ ನೇರವಾಗಿ ಕಾಣಸಿಗುವುದು ಅಪರೂಪ.

ಎರಡು ಚರ್ಚುಗಳು

ಚೌಕದ ಪಶ್ಚಿಮಕ್ಕೆ ಅಗಲವಾದ ಮೆಟ್ಟಿಲುಗಳ ಮೇಲೆ ನಿಂತಿರುವ ಕೊಲ್ಲೆಜಾತಾ ಚರ್ಚನ್ನು ಜನ ದುವೋಮೊ ಎಂದೇ ಕರೆದರೂ ಊರಿಗೆ ಬಿಷಪ್ಪರಿಲ್ಲದ ಕಾರಣ ಅದು ಕೆಥೆಡ್ರಲ್ ಅಲ್ಲ. 1148ರ ನವೆಂಬರ್ 21ರಂದು ಮೂರನೇ ಯೂಜೀನ್ ಪೋಪರು ಇದನ್ನು ಪ್ರತಿಷ್ಠಾಪಿಸಿದರು. ಹೊರಗೆ ಏನೂ ಅಲಂಕಾರವಿಲ್ಲ. ಒಳಗೆ ಕಾಲಿಟ್ಟರೆ ಗೋಡೆಗಳಲ್ಲಿ ಬರಿದಾದ ಜಾಗವೇ ಇಲ್ಲ. ಪೂಜಾವೇದಿಕೆಗೆ ಮುಖಮಾಡಿ ನಿಂತರೆ ಎಡಗೋಡೆಯಲ್ಲಿ ಬಾರ್ತೊಲೊ ದಿ ಫ್ರೆದಿ ಬರೆದ ಬೈಬಲ್ಲಿನ ಹಳೆಯ ಒಡಂಬಡಿಕೆಯ ಕಥೆಗಳು, ಬಲಗೋಡೆಯಲ್ಲಿ ಮೆಮ್ಮಿ ಕುಟುಂಬದ ಕಲಾಶಾಲೆಯದೆಂದು ಈಗ ಒಪ್ಪಲಾಗುವ ಕ್ರಿಸ್ತನ ಜೀವನದ ಕಥೆಗಳು. ಹಿಂದಿರುಗಿ ನೋಡಿದರೆ ಬಾಗಿಲಿನ ಮೇಲ್ಗಡೆ ತದ್ದೇಯೊ ದಿ ಬಾರ್ತೊಲೊ ಚಿತ್ರಿಸಿದ ಅಂತಿಮ ತೀರ್ಪು. ಅದರ ನರಕದ ಭಾಗದಲ್ಲಿ ಜಿಪುಣರಿಗೂ ಹೊಟ್ಟೆಬಾಕರಿಗೂ ಆಗುವ ಶಿಕ್ಷೆಗಳನ್ನು ಎಗ್ಗಿಲ್ಲದೆ ತೋರಿಸಿದೆ. ಓದಲು ಬಾರದ ಜನರಿಗೆ ಈ ಗೋಡೆಗಳೇ ಗ್ರಂಥವಾಗಿದ್ದವು, ಆದ್ದರಿಂದ ಒಂದೊಂದು ಚೌಕಟ್ಟನ್ನೂ ಕ್ರಮವಾಗಿ ನೋಡುತ್ತ ಹೋಗುವುದು ಚಿತ್ರಗಳಿಗೆ ಸಲ್ಲಬೇಕಾದ ಮರ್ಯಾದೆ.

ಬಲಗಡೆಯ ಕೊನೆಯಲ್ಲಿರುವ ಸಾಂತಾ ಫೀನಾ ಪ್ರಾರ್ಥನಾಮಂದಿರಕ್ಕೆ ಹೆಚ್ಚು ಸಮಯ ಕೊಡಬೇಕು. ಫೀನಾ ಇದೇ ಊರಿನ ಹುಡುಗಿ. ಪಾರ್ಶ್ವವಾಯುವಿನಿಂದ ಎದ್ದೇಳಲಾರದೆ ಮರದ ಹಲಗೆಯ ಮೇಲೆ ವರ್ಷಗಟ್ಟಲೆ ಮಲಗಿ, 1253ರ ಮಾರ್ಚ್ 12ರಂದು, ಹದಿನೈದರ ಪ್ರಾಯದಲ್ಲಿ ತೀರಿಕೊಂಡಳು. ಅವಳು ತೀರಿಕೊಂಡಾಗ ಊರಿನ ಗಂಟೆಗಳು ತಾವಾಗಿ ಮೊಳಗಿದವು, ಹಲಗೆಯ ಮೇಲೂ ಗೋಪುರಗಳ ಮೇಲೂ ಹೂವರಳಿತು ಎಂಬುದು ಜನರ ನಂಬಿಕೆ. ಮಾರ್ಚ್‌ನಲ್ಲಿ ಗೋಡೆಯ ಸಂದುಗಳಲ್ಲಿ ಅರಳುವ ಹಳದಿ ಹೂಗಳಿಗೆ ಅವಳ ಹೆಸರೇ ಇದೆ. ಮಂದಿರವನ್ನು ಜೂಲಿಯಾನೊ ಮತ್ತು ಬೆನೆದೆತ್ತೊ ದಾ ಮಯಾನೊ ಸೋದರರು ನಿರ್ಮಿಸಿದರು, ಭಿತ್ತಿಚಿತ್ರಗಳನ್ನು ದೊಮೆನಿಕೊ ಗಿರ್ಲಾಂದಾಯೊ 1475ರ ಸುಮಾರಿಗೆ ಬರೆದರು. ಅಂತ್ಯಸಂಸ್ಕಾರದ ಚಿತ್ರದಲ್ಲಿ ಹುಡುಗಿಯ ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿ, ನಂತರ ಅವರ ಹಿಂದೆ ಮೇಲಕ್ಕೆ ಕಣ್ಣೆತ್ತಿ. ಈ ಊರಿನ ಗೋಪುರಗಳೇ ಅಲ್ಲಿವೆ, ಒಂದರ ಬಳಿ ದೇವದೂತ ಹಾರಿಬಂದು ಗಂಟೆ ಬಾರಿಸುತ್ತಿದ್ದಾನೆ. ಐದೂವರೆ ಶತಮಾನದ ಹಿಂದಿನ ಕಲಾವಿದನ ಕಣ್ಣಿಗೆ ಊರು ಹೇಗಿತ್ತೆಂಬುದನ್ನು ನೋಡಿ ಹೊರಬಂದರೆ, ಅದೇ ಗೋಪುರಗಳು ಚೌಕದ ಸುತ್ತ ನಿಂತಿರುತ್ತವೆ.

ಹೆಗಲು ಮತ್ತು ಮಂಡಿ ಮುಚ್ಚುವ ಉಡುಪು ಚರ್ಚುಗಳಲ್ಲಿ ಕಡ್ಡಾಯ. ಭಾನುವಾರ ಬೆಳಿಗ್ಗೆ ಪ್ರಾರ್ಥನೆಯಿರುವುದರಿಂದ ಪ್ರವಾಸಿಗರಿಗೆ ಪ್ರವೇಶ ಮಧ್ಯಾಹ್ನದ ಮೇಲೆ, ಚಳಿಗಾಲದಲ್ಲಿ ಎಲ್ಲ ಕಡೆಯೂ ವೇಳೆ ಮೊಟಕು.

ಎರಡನೆಯ ಚರ್ಚು ಸಾಂತಾಗೊಸ್ತಿನೊ. ವಿಯಾ ಸಾನ್ ಮತ್ತೇಯೊ ಬೀದಿ ಹಿಡಿದು ಉತ್ತರದ ಹೆಬ್ಬಾಗಿಲಿನತ್ತ ನಡೆದು ಬಲಕ್ಕೆ ತಿರುಗಿದರೆ ಸಿಗುತ್ತದೆ, ಮತ್ತು ಬಹಳ ಜನ ಇಲ್ಲಿಯವರೆಗೆ ಬರುವುದೇ ಇಲ್ಲ. ಪೂಜಾವೇದಿಕೆಯ ಹಿಂಬದಿಯ ಗೋಡೆಗಳಲ್ಲಿ ಬೆನೋತ್ಸೊ ಗೋತ್ಸೊಲಿ 1464 ಮತ್ತು 1465ರಲ್ಲಿ ಸಂತ ಅಗಸ್ಟೀನನ ಜೀವನವನ್ನು 17 ದೃಶ್ಯಗಳಲ್ಲಿ ಚಿತ್ರಿಸಿದ್ದಾರೆ. ಮೊದಲ ದೃಶ್ಯದಲ್ಲಿ ಹೆತ್ತವರು ಬಾಲಕ ಅಗಸ್ಟೀನನನ್ನು ಶಾಲೆಗೆ ಸೇರಿಸುತ್ತಾರೆ, ಪಕ್ಕದಲ್ಲೇ ಉಪಾಧ್ಯಾಯ ಇನ್ನೊಬ್ಬ ಹುಡುಗನಿಗೆ ಬೆತ್ತದ ರುಚಿ ತೋರಿಸುತ್ತಿರುತ್ತಾನೆ.

ಗೋಡೆಯ ಹೊರಗೆ

ದುವೋಮೊದ ಹಿಂದಿನ ಏರಿನಲ್ಲಿ ಫ್ಲಾರೆನ್ಸಿನವರು ಊರನ್ನು ಅಂಕೆಯಲ್ಲಿಡಲು ಕಟ್ಟಿಸಿದ ಕೋಟೆಯ ಅವಶೇಷವಿದೆ. ಈಗ ಅದು ಆಲಿವ್ ಮರಗಳ ಉದ್ಯಾನ. ಗೋಪುರಗಳ ಸಾಲನ್ನು ಹಣ ಕೊಡದೆ ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಪೂರ್ವದ ಪೋರ್ತಾ ದೆಲ್ಲೆ ಫೊಂತಿ ಬಾಗಿಲಿನಿಂದ ಇಳಿದರೆ ಕಮಾನುಗಳಡಿಯ ಹಳೆಯ ನೀರಿನ ಬುಗ್ಗೆಗಳು ಸಿಗುತ್ತವೆ. ಇಲ್ಲಿ ಬಟ್ಟೆ ಒಗೆದು, ಉಣ್ಣೆ ತೊಳೆದು, ಕೊಡ ಹೊತ್ತು ಮೇಲೇರಿದವರ ಶ್ರಮ ತಿಳಿಯಬೇಕಾದರೆ ಬಸ್ಸಿಗಾಗಿ ಅವಸರಪಡದೆ ಆ ಏರನ್ನು ಒಮ್ಮೆ ಹತ್ತಬೇಕು.

ಕೊಳ್ಳುವುದಾದರೆ ಕೇಸರಿಯನ್ನು ಕೊಳ್ಳಿ. 2005ರಿಂದ ಇಲ್ಲಿನ ಕೇಸರಿಗೆ ಯುರೋಪಿನ ಮೂಲಸ್ಥಾನ ಸಂರಕ್ಷಣೆಯ ಮುದ್ರೆಯಿದೆ. ಪುಡಿಯನ್ನು ಬಿಟ್ಟು ಇಡೀ ಎಸಳುಗಳನ್ನೇ, ಮುದ್ರೆಯನ್ನು ನೋಡಿ ತೆಗೆದುಕೊಳ್ಳಬೇಕು. ಒಂದು ಗ್ರಾಂ ಕೇಸರಿಗೆ ನೂರೈವತ್ತಕ್ಕೂ ಹೆಚ್ಚು ಹೂಗಳು ಬೇಕಾಗುವುದರಿಂದ ಬೆಲೆ ಹೆಚ್ಚೇ ಇರುತ್ತದೆ, ಅಗ್ಗವಾಗಿ ಸಿಕ್ಕರೆ ಸಂಶಯಪಡಿ. ವೆರ್ನಾಚ್ಚಾ ಎಂಬ ಇಲ್ಲಿನ ಬಿಳಿ ವೈನ್ 1966ರಲ್ಲಿ ಇಟಲಿಯಲ್ಲೇ ಮೊದಲನೆಯದಾಗಿ ಮೂಲಸ್ಥಾನದ ಮಾನ್ಯತೆ ಪಡೆದದ್ದು. ಅಭಿರುಚಿಯಿರುವವರು ಕೋಟೆಯ ಬಳಿಯ ರುಚಿಕೇಂದ್ರದಲ್ಲಿ ಸವಿಯಬಹುದು.

ಕಾಲಿನಲ್ಲಿ ಕಸುವಿರುವವರಿಗೆ ಕೊನೆಯದಾಗಿ ಇನ್ನೊಂದು ಸಲಹೆ. ವಿಯಾ ಫ್ರಾಂಚಿಜೆನಾ ಇಂದಿಗೂ ನಡೆಯಬಹುದಾದ ಮಾರ್ಗ, ಉದ್ದಕ್ಕೂ ಗುರುತುಗಳಿವೆ. ಉತ್ತರದ ಗಂಬಾಸ್ಸಿ ತೆರ್ಮೆಯಿಂದ ಸಾನ್ ಜಿಮಿನ್ಯಾನೊಗೆ ಸುಮಾರು 13 ಕಿಲೋಮೀಟರ್, ಅರ್ಧ ದಿನದ ನಡಿಗೆ. ಇಲ್ಲಿಂದ ದಕ್ಷಿಣಕ್ಕೆ ಮೊಂತೆರಿಜೊನಿ ಎಂಬ ಇನ್ನೊಂದು ಕೋಟೆಯೂರಿಗೆ 30 ಕಿಲೋಮೀಟರ್, ಅದು ರೂಢಿಯಿದ್ದವರಿಗೆ ಮಾತ್ರ. ಗಂಬಾಸ್ಸಿಯ ದಾರಿ ದ್ರಾಕ್ಷಿ ತೋಟಗಳ ನಡುವೆ ಏರಿಳಿಯುತ್ತದೆ, ನೆರಳು ಕಡಿಮೆ, ಅಂಗಡಿಗಳೂ ವಿರಳ. ಕನಿಷ್ಠ ಎರಡು ಲೀಟರ್ ನೀರು ಹೊತ್ತು, ಬೆಳಕು ಹರಿಯುವ ಹೊತ್ತಿಗೆ ಹೊರಟರೆ ಬಿಸಿಲೇರುವ ಮೊದಲು ಉತ್ತರದ ಪೋರ್ತಾ ಸಾನ್ ಮತ್ತೇಯೊ ಬಾಗಿಲನ್ನು ತಲುಪಬಹುದು. ಹಾಗೆ ಬಂದವರು ಮೇಲೆ ಹೇಳಿದ ಕ್ರಮವನ್ನು ತಿರುಗಿಸಿಕೊಂಡು, ಸಾಂತಾಗೊಸ್ತಿನೊದಿಂದ ಶುರುಮಾಡಿ ದಕ್ಷಿಣಕ್ಕೆ ಇಳಿದರೆ ಬಸ್ ನಿಲ್ದಾಣವೂ ಕೊನೆಗೆ ಸಿಗುತ್ತದೆ.